ಹಬಲ್ ಕ್ಯಾಮೆರಾದ ಒಳಗೇ ಬಲ್ಬು ಉಂಟಲ್ಲ, ಅದರ ಫ್ಲಾಟ್ ಸರಿಯಾಗುವುದು ಹೇಗೆ?

ಬ್ರಹ್ಮಾವರ_ಸ್ಟುಡಿಯೋ

ನಮಸ್ಕಾರ. ನಾನು ಬ್ರಹ್ಮಾವರದಲ್ಲಿ ಮದುವೆ, ಮುಂಜಿಗೆ ಫೋಟೋ ತೆಗೆಯುವವನು. ರಾತ್ರಿಯ ಚಟ ಬೇರೆ: ಆರು ಇಂಚಿನ ಟೆಲಿಸ್ಕೋಪು, ಅದಕ್ಕೆ ಸಿಕ್ಕಿಸಿದ ಹಳೇ ಡಿಎಸ್‌ಎಲ್‌ಆರ್. ಜೂನ್ ಬಂತು ಅಂದರೆ ನಮ್ಮ ಕಡೆ ನಕ್ಷತ್ರಗಳಿಗೆ ನಾಲ್ಕು ತಿಂಗಳು ರಜೆ, ಗೊತ್ತಲ್ಲ. ಲೆನ್ಸುಗಳೆಲ್ಲ ಫಂಗಸ್ ಹಿಡಿಯದ ಹಾಗೆ ಸಿಲಿಕಾ ಜೆಲ್ ಡಬ್ಬಿ ಸೇರಿವೆ. ಕೈ ಸುಮ್ನೆ ಇರುವುದಿಲ್ಲ. ಬಾಹ್ಯಾಕಾಶದಲ್ಲಿ ಸುತ್ತುವ ಹಬಲ್ ಟೆಲಿಸ್ಕೋಪಿನ ಹಳೇ ಫೈಲುಗಳನ್ನು ಇಳಿಸಿಕೊಂಡು ಕೆದಕುತ್ತಾ ಕೂತಿದ್ದೇನೆ. ಅವು ಎಲ್ಲರಿಗೂ ಪುಕ್ಕಟೆ ಸಿಗುತ್ತವೆ.

ಮೊನ್ನೆ ಅದರಲ್ಲಿರುವ ಡಬ್ಲ್ಯುಎಫ್‌ಸಿ3 ಅನ್ನುವ ಕ್ಯಾಮೆರಾದ ಒಂದು ಫೈಲ್ ತೆರೆದೆ. ಟಾರ್ಗೆಟ್ ಹೆಸರಿನ ಜಾಗದಲ್ಲಿ 'ಟಂಗ್‌ಸ್ಟನ್' ಅಂತ ಇತ್ತು. ಇದ್ಯಾವ ನೀಹಾರಿಕೆ ಮಾರಾಯ್ರೆ ಅಂತ ಅರ್ಧ ಗಂಟೆ ನಕ್ಷೆ ತಿರುವಿದೆ. ಕೊನೆಗೆ ನೋಡಿದರೆ ಬಲ್ಬು! ಕ್ಯಾಮೆರಾದ ಒಳಗೇ ಬಲ್ಬು ಹಚ್ಚಿ ತೆಗೆದ ಫ್ಲಾಟ್ ಅದು (ಫ್ಲಾಟ್ ಅಂದರೆ ಫೋಟೋದ ಮಂಕು, ಕಲೆ ತಿದ್ದಲು ಒಂದೇ ಸಮನಾದ ಬೆಳಕಿಗೆ ಹಿಡಿದು ತೆಗೆಯುವ ಖಾಲಿ ಚಿತ್ರ). ಚಿತ್ರದಲ್ಲಿ ನಕ್ಷತ್ರವೂ ಇಲ್ಲ, ಎಂತದೂ ಇಲ್ಲ. ಬೂದು ಹಾಳೆ, ಒಂದು ಕಡೆ ಸ್ವಲ್ಪ ಮಂಕು, ಅಲ್ಲಲ್ಲಿ ನೀರಿನ ಹನಿ ಒಣಗಿದ ಹಾಗಿನ ಕಲೆ.

ನಾನು ಫ್ಲಾಟ್ ತೆಗೆಯುವುದು ಟೆಲಿಸ್ಕೋಪಿನ ಬಾಯಿಗೆ ಬಿಳಿ ಪಂಚೆ ಬಿಗಿದು. ನಕ್ಷತ್ರದ ಬೆಳಕು ಬಂದ ದಾರಿಯಲ್ಲೇ ಪಂಚೆಯ ಬೆಳಕೂ ಬರಬೇಕು. ಆಗ ಮೂಲೆಯ ಕತ್ತಲು, ಸೆನ್ಸರಿನ ಧೂಳು ಎರಡೂ ಅದರಲ್ಲಿ ಮೂಡುತ್ತವೆ. ಫೋಟೋವನ್ನು ಅದರಿಂದ ಭಾಗಿಸಿದರೆ ಹೋಗುತ್ತವೆ. ಕಳೆದ ವರ್ಷ ಸೋಮಾರಿತನ ಮಾಡಿದೆ. ಕ್ಯಾಮೆರಾ ಬಿಚ್ಚಿ, ಸ್ಟುಡಿಯೋದಲ್ಲಿ ಎಲ್‌ಇಡಿ ಬಲ್ಬಿನ ಬೆಳಕು ಬಿದ್ದ ಗೋಡೆಗೆ ಹಿಡಿದು ಫ್ಲಾಟ್ ತೆಗೆದೆ. ಎರಡು ರಾತ್ರಿಯ ಒರಾಯನ್ ಹಾಳಾಯಿತು. ಮೂಲೆಯ ಕತ್ತಲು ಹಾಗೇ ಉಳಿಯಿತು, ಜೊತೆಗೆ ಅಡ್ಡ ಪಟ್ಟೆಗಳು ಬೇರೆ.

ಹಬಲ್‌ನ ಬಲ್ಬಿನ ಬೆಳಕು ಆ 2.4 ಮೀಟರಿನ ಕನ್ನಡಿಯನ್ನು ಮುಟ್ಟುವುದೇ ಇಲ್ಲ ಅಲ್ವಾ? ಹಾಗಾದರೆ ಅವರೂ ನನ್ನ ತಪ್ಪನ್ನೇ ಮಾಡುತ್ತಿದ್ದಾರಾ?

ಕುಂಜಿಬೆಟ್ಟು_ಕಿಟ್ಟ

ಮೇಲೆ ಗಾಳಿ ಇಲ್ಲ, ಧೂಳಿಲ್ಲ, ನಮ್ಮ ಹಾಗೆ ಉಪ್ಪಿನ ತೇವ ಇಲ್ಲ. ಕನ್ನಡಿ ಯಾವಾಗಲೂ ಚೊಕ್ಕ. ಹಾಗಾಗಿ ಬಲ್ಬು ಸಾಕು ಅಂತ ಕಾಣುತ್ತದೆ.

ಮಣಿಪಾಲ_ಪಿಕ್ಸೆಲ್

ಕಿಟ್ಟಣ್ಣ, ಧೂಳಿಲ್ಲ ಅನ್ನಬೇಡಿ. ಅದೇ ಕ್ಯಾಮೆರಾದ ಇನ್‌ಫ್ರಾರೆಡ್ ಭಾಗದಲ್ಲಿ ಮೇಲೆ ಹೋದ ನಂತರ ಹೊಸ ಹೊಸ ಮಸುಕು ಚುಕ್ಕೆಗಳು ಬಂದಿವೆ. ಬೆಳಕನ್ನು ಆ ಭಾಗಕ್ಕೆ ತಿರುಗಿಸುವ ಕನ್ನಡಿ ಒಂದುಂಟು, ಅದರ ಮೇಲೆ ಕೂತ ಕಣಗಳು ಅವು.

ಸ್ಟುಡಿಯೋ ಅಣ್ಣ, ನಿಮ್ಮ ಸಂಶಯ ಸರಿ. ನಾನು ಪಿಎಚ್‌ಡಿಗೆ ಈ ಕ್ಯಾಮೆರಾದ ಡೇಟಾದಲ್ಲೇ ನಾಲ್ಕು ವರ್ಷ ಕಳೆದವಳು. ಬಲ್ಬಿನ ಫ್ಲಾಟಿನಿಂದ ಗ್ಯಾಲಕ್ಸಿಯ ಚಿತ್ರವನ್ನು ನೇರವಾಗಿ ಭಾಗಿಸುವುದಿಲ್ಲ. ಭಾಗಿಸುವ ಫ್ಲಾಟ್ ಬೇರೆಯೇ. 2009ರಲ್ಲಿ ಗಗನಯಾತ್ರಿಗಳು ಈ ಕ್ಯಾಮೆರಾವನ್ನು ಕೂರಿಸುವ ಮೊದಲೇ, ಹಬಲ್‌ನ ಕನ್ನಡಿಗಳಿಂದ ಬಂದ ಹಾಗೆ ಬೆಳಕು ಬೀಳಿಸುವ ಯಂತ್ರದ ಎದುರು ಇಟ್ಟು ಆ ಫ್ಲಾಟನ್ನು ತೆಗೆದಿದ್ದರು. ಅದರಲ್ಲೂ ಎಡವಟ್ಟು ಇತ್ತು. ಸೆನ್ಸರಿಗೂ ಮುಂದಿನ ಕಿಟಕಿ ಗಾಜಿಗೂ ನಡುವೆ ಬೆಳಕು ಪುಟಿದು, ಒಂದು ಕಡೆ ಸುಳ್ಳು ಹೊಳಪು ಸೇರಿಕೊಂಡಿತ್ತು. (ನೀವು ನೋಡಿದ ಹನಿ ಕಲೆಗಳೂ ಕಿಟಕಿ ಗಾಜಿನವೇ. ನೆಲದ ಮೇಲಿದ್ದಾಗಲೇ ಇದ್ದವು.)

ಸರಿ ಮಾಡಿದ್ದು ನಕ್ಷತ್ರಗಳಿಂದ. ಒಮೆಗಾ ಸೆಂಟಾರಿ ಗುಚ್ಛವನ್ನು ಒಮ್ಮೆ ಈ ಬದಿಗೆ, ಒಮ್ಮೆ ಆ ಬದಿಗೆ ಸರಿಸಿ ಸರಿಸಿ ತೆಗೆದರು. ಒಂದೇ ನಕ್ಷತ್ರ ಮೂಲೆಗೆ ಹೋದ ಕೂಡಲೇ ಮಂಕಾಯಿತು ಅಂದರೆ ತಪ್ಪು ನಕ್ಷತ್ರದ್ದಲ್ಲ, ಫ್ಲಾಟಿನದ್ದು. ಭೂಮಿಯನ್ನೇ ಬಿಳಿ ಪಂಚೆ ಮಾಡಿಕೊಂಡು ತೆಗೆದ ಫ್ಲಾಟುಗಳೂ ಉಂಟು.

ಹಾಗಾದರೆ ಬಲ್ಬು ಎಂತಕ್ಕೆ? ನನ್ನ ಅಜ್ಜಿಯ ಹತ್ತಿರ ಬದಿ ನೆಗ್ಗಿದ ಒಂದು ಸೇರು ಇತ್ತು. ಅಂಗಡಿಯ ಸೇರಿಗೆ ಅದು ತಾಳೆಯಾಗುತ್ತಿರಲಿಲ್ಲ. ಆದರೆ ಕುಚ್ಚಲಕ್ಕಿ ಅಳೆಯುವುದು ದಿನಾ ಅದರಲ್ಲೇ. ಮುಡಿ ಅಕ್ಕಿ ಬೇಗ ಮುಗಿದರೆ ಯಾರೋ ಕೈ ಹಾಕಿದ್ದಾರೆ ಅಂತ ಅಜ್ಜಿಗೆ ತಕ್ಷಣ ಗೊತ್ತಾಗುತ್ತಿತ್ತು. ಬಲ್ಬು ಆ ಸೇರು. ಈ ತಿಂಗಳ ಬಲ್ಬಿನ ಚಿತ್ರವನ್ನು ಹೋದ ವರ್ಷದ ಬಲ್ಬಿನ ಚಿತ್ರದಿಂದ ಭಾಗಿಸುತ್ತಾರೆ. ಬೆಳಕು ಓರೆಯಾಗಿ ಬಿದ್ದರೂ ಎರಡರಲ್ಲೂ ಒಂದೇ ಓರೆ, ವಜಾ ಆಗಿಬಿಡುತ್ತದೆ. ಏನೂ ಬದಲಾಗದಿದ್ದರೆ ಎಲ್ಲಾ ಕಡೆ 1 ಬರಬೇಕು. ಎಲ್ಲೋ ಒಂದು ಕಡೆ 0.97 ಬಂದರೆ ಅಲ್ಲಿ ಹೊಸದೇನೋ ಆಗಿದೆ.

ಇದಕ್ಕೆ ಯಾರ ಸಮಯವೂ ಹಾಳಾಗುವುದಿಲ್ಲ. ಹಬಲ್ ಸುಮಾರು 95 ನಿಮಿಷಕ್ಕೆ ಒಂದು ಸುತ್ತು ಬರುತ್ತದೆ. ಹೆಚ್ಚಿನ ಗುರಿಗಳಿಗೆ ಅದರಲ್ಲಿ ಅರ್ಧದಷ್ಟು ಹೊತ್ತು ಭೂಮಿ ಅಡ್ಡ. ಆ ಖಾಲಿ ಹೊತ್ತಿನಲ್ಲಿ ಒಳಗೆ ಬಲ್ಬು ಹಚ್ಚಿದರಾಯಿತು.

ಬ್ರಹ್ಮಾವರ_ಸ್ಟುಡಿಯೋ

ಸೇರು ತಲೆಗೆ ಹೋಯಿತು ಮೇಡಂ. ಆದರೆ ಬಲ್ಬಿಗೂ ವಯಸ್ಸಾಗುತ್ತದಲ್ಲ? ನನ್ನ ಸ್ಟುಡಿಯೋ ಲೈಟುಗಳು ವರ್ಷಕ್ಕೊಮ್ಮೆ ಮಂಕಾಗುತ್ತವೆ. ಮತ್ತೆ ಫಿಲ್ಟರ್ ಬದಲಿಸಿ ಬದಲಿಸಿ ಯಾಕೆ ತೆಗೆಯುತ್ತಾರೆ?

ಮಣಿಪಾಲ_ಪಿಕ್ಸೆಲ್

ಆಗುತ್ತದೆ. ಅದಕ್ಕೇ ಬಲ್ಬಿನಿಂದ 'ಎಷ್ಟು ಬೆಳಕು' ಅಂತ ಕೇಳುವುದಿಲ್ಲ, 'ಬೆಳಕು ಹರಡಿದ ಆಕಾರ ಬದಲಾಗಿದೆಯಾ' ಅಂತ ಮಾತ್ರ ಕೇಳುತ್ತಾರೆ. 'ಎಷ್ಟು' ಅನ್ನುವುದಕ್ಕೆ ಜಿಡಿ 153, ಜಿಡಿ 71ರಂಥ, ಬೆಳಕು ಬದಲಾಗದ ಶ್ವೇತ ಕುಬ್ಜ ನಕ್ಷತ್ರಗಳಿವೆ.

ಫಿಲ್ಟರ್ ವಿಷಯ ದೊಡ್ಡದು. ಯುವಿಐಎಸ್ ಅಂದರೆ ಅತಿನೇರಳೆ ಮತ್ತು ಕಣ್ಣಿಗೆ ಕಾಣುವ ಬೆಳಕಿನ ಭಾಗದಲ್ಲೇ 62 ಫಿಲ್ಟರುಗಳು, 12 ಚಕ್ರಗಳಲ್ಲಿ. ಪಿಕ್ಸೆಲ್ ನೀಲಿಗೆ ಒಂದು ಥರ, ಕೆಂಪಿಗೆ ಇನ್ನೊಂದು ಥರ. ಹಾಗಾಗಿ ಒಂದರ ಫ್ಲಾಟ್ ಇನ್ನೊಂದಕ್ಕೆ ನಡೆಯುವುದಿಲ್ಲ. ಟಂಗ್‌ಸ್ಟನ್ ನಮ್ಮ ಹಳೇ ಹಳದಿ ಬಲ್ಬಿನ ಜಾತಿ: ಕೆಂಪು ಧಾರಾಳ, ನೀಲಿ ಕಡಿಮೆ, ಅತಿನೇರಳೆ ಇಲ್ಲ ಅನ್ನುವಷ್ಟು. ಅತಿನೇರಳೆಗೆ ಡ್ಯುಟೀರಿಯಂ ದೀಪ ಬೇರೆ ಇಟ್ಟಿದ್ದಾರೆ. ಲೆಕ್ಕವೂ ಕಠಿಣ. ಬೆಳಕು ಬಿದ್ದು ಪಿಕ್ಸೆಲಿನಲ್ಲಿ 10,000 ಎಲೆಕ್ಟ್ರಾನ್ ಸೇರಿದರೆ ಅದರ ವರ್ಗಮೂಲ 100ರಷ್ಟು ಏರುಪೇರು, ಅಂದರೆ ಶೇ. 1. ಶೇ. 0.1 ಬೇಕಾದರೆ 10 ಲಕ್ಷ ಎಲೆಕ್ಟ್ರಾನ್ ಬೇಕು. ಪಿಕ್ಸೆಲಿಗೆ ಒಂದೇ ಸಲಕ್ಕೆ ಅಷ್ಟು ಹಿಡಿಸುವುದಿಲ್ಲ. ಫ್ರೇಮಿನ ಮೇಲೆ ಫ್ರೇಮು ಕೂಡಿಸಬೇಕು.

ಇನ್ನೊಂದು ಹೇಳದೆ ಇರಲಾರೆ. ಈ ಕ್ಯಾಮೆರಾದಲ್ಲಿ ಬಲ್ಬು ಮದ್ದೂ ಹೌದು. ಸೆನ್ಸರನ್ನು ಸುಮಾರು ಮೈನಸ್ 83 ಡಿಗ್ರಿಯಲ್ಲಿ ಇಟ್ಟಿರುತ್ತಾರೆ. ಹಾಟ್ ಪಿಕ್ಸೆಲ್ (ಬೆಳಕು ಬೀಳದಿದ್ದರೂ ಹೊಳೆಯುವ ಪಿಕ್ಸೆಲ್) ಕಡಿಮೆ ಮಾಡಲು ತಿಂಗಳಿಗೊಮ್ಮೆ ಬೆಚ್ಚಗೆ ಮಾಡುತ್ತಾರೆ. ಆಮೇಲೆ ಕೆಲವು ಪಿಕ್ಸೆಲುಗಳು ಸ್ವಲ್ಪ ಕಡಿಮೆ ಬೆಳಕು ತೋರಿಸಬಹುದು. ಪರೀಕ್ಷೆ ಹೀಗೆ: ಬಲ್ಬಿನ ಒಂದು ಹದವಾದ ಚಿತ್ರ, ಆಮೇಲೆ ಪಿಕ್ಸೆಲ್ ತುಂಬಿ ಉಕ್ಕುವಷ್ಟು ಬೆಳಕಿನ ಇನ್ನೊಂದು, ಆಮೇಲೆ ಮೊದಲಿನಂಥದ್ದೇ ಮೂರನೆಯದು. ಮೊದಲನೆಯದನ್ನು ಮೂರನೆಯದರಿಂದ ಭಾಗಿಸಿದರೆ ದೋಷ ಎದ್ದು ಕಾಣುತ್ತದೆ. ಆಕಾರ ನೋಡಿ ಅವರು 'ಬೋ ಟೈ' ಅಂತ ಹೆಸರಿಟ್ಟರು. ನಮ್ಮವರು ಇಟ್ಟಿದ್ದರೆ ಡಮರು ಅನ್ನುತ್ತಿದ್ದರು. ಚಂದ ಏನೆಂದರೆ, ಆ ನಡುವಿನ ಜೋರು ಬೆಳಕೇ ದೋಷವನ್ನು ವಾಸಿ ಮಾಡಿರುತ್ತದೆ, ಕೆಲವು ದಿನಗಳ ಮಟ್ಟಿಗೆ. ಹಾಗಾಗಿ ಕೆಲವು ದಿನಕ್ಕೊಮ್ಮೆ ಮತ್ತೆ ಮಾಡುತ್ತಾರೆ. ನೀವು ತೆರೆದದ್ದು ಈ ಮೂರರಲ್ಲಿ ಒಂದಾಗಿರಬಹುದು. ಅದೇ ದಿನ ಅದರ ಅಕ್ಕಪಕ್ಕದ ಫೈಲುಗಳನ್ನೂ ಇಳಿಸಿ ನೋಡಿ.

ಸುರತ್ಕಲ್_ಕಡಲು

ನಮ್ಮದನ್ನೂ ಮರೆಯಬೇಡಿ. 2015ರಲ್ಲಿ ಇಸ್ರೋ ಹಾರಿಸಿದ ಆಸ್ಟ್ರೋಸ್ಯಾಟ್‌ನ ಅತಿನೇರಳೆ ಟೆಲಿಸ್ಕೋಪಿಗೂ ಬೆಳಕಿನ ಅಳತೆಗೋಲು ಹೆಚ್‌ಝಡ್4 ಅನ್ನುವ ಶ್ವೇತ ಕುಬ್ಜವೇ.

ಸ್ಟುಡಿಯೋದವರೇ, ನಿಮ್ಮ ಪಟ್ಟೆಗೆ ಕಾರಣ ಕರೆಂಟು. ಎಲ್‌ಇಡಿ ಬಲ್ಬು ಸೆಕೆಂಡಿಗೆ 100 ಸಲ ಮಿನುಗುತ್ತದೆ, ಶಟರ್ 1/200 ಇಟ್ಟರೆ ಪಟ್ಟೆ ಬಂದೇ ಬರುತ್ತದೆ. ಎರಡು ಮೂರು ಸೆಕೆಂಡ್ ಕೊಡಿ. ಅದಕ್ಕಿಂತ ಮುಸ್ಸಂಜೆಯ ಆಕಾಶ ಒಳ್ಳೆಯದು. ಕಡಲಿನ ಕಡೆ ತಿರುಗಿಸಬೇಡಿ, ಸೂರ್ಯ ಮುಳುಗಿದ ಕಡೆ ಬೆಳಕು ಒಂದೇ ಸಮ ಇರುವುದಿಲ್ಲ. ನೆತ್ತಿಯಿಂದ ಸ್ವಲ್ಪ ಪೂರ್ವಕ್ಕೆ ಹಿಡಿಯಿರಿ. ಫೋಕಸ್ ಮುಟ್ಟಬೇಡಿ.

ಬ್ರಹ್ಮಾವರ_ಸ್ಟುಡಿಯೋ

ಛೆ, ಮಲ್ಪೆಯಲ್ಲಿ ನಾನು ಪಶ್ಚಿಮಕ್ಕೇ ತಿರುಗಿಸುತ್ತಿದ್ದೆ, ಬೆಳಕು ಜಾಸ್ತಿ ಅಂತ!

ಮೇಡಂ, ಮೂರು ಫೈಲ್ ಸಿಕ್ಕಿತು. ನಡುವಿನದ್ದು ಪೂರ್ತಿ ಬಿಳಿ. ಮೊದಲನೆಯದನ್ನು ಮೂರನೆಯದರಿಂದ ಭಾಗಿಸಿ, ಕಾಂಟ್ರಾಸ್ಟ್ ಎಳೆದೆ. ಎಲ್ಲಾ ಕಡೆ 1 ಬಂತು, ಡಮರು ಕಾಣಲಿಲ್ಲ. ಆ ದಿನ ಸೆನ್ಸರ್ ಹುಷಾರಾಗಿತ್ತು ಅಂತ ಲೆಕ್ಕ ಅಲ್ವಾ? ಬೆಚ್ಚಗೆ ಮಾಡಿದ ಮಾರನೇ ದಿನದ ಫೈಲ್ ಹುಡುಕುತ್ತಾ ಇದ್ದೇನೆ. ಹೊರಗೆ ಮಳೆ ಬಿಡುವ ಲಕ್ಷಣ ಇಲ್ಲ.