ಮೂರು ರಾತ್ರಿಯಲ್ಲಿ ಉದ್ರಿ ಆ್ಯಪ್ ರೆಡಿ, ಇನ್ನು ಸಾಫ್ಟ್‌ವೇರ್‌ನವರ ಹಂಗು ಯಾಕೆ?

ಮಂಡಕ್ಕಿ ಸಾಹುಕಾರ, ದಾವಣಗೆರೆ
ನಮ್ಮದು ಮಂಡಕ್ಕಿ ಹೋಲ್‌ಸೇಲ್. ಭಟ್ಟಿಯಿಂದ ಎತ್ತಿ ಸುತ್ತಲಿನ ಊರಿನ ಅಂಗಡಿಗಳಿಗೆ, ಮಿರ್ಚಿ ಗಾಡಿಯವರಿಗೆ ಹಾಕುತ್ತೇವೆ. ಮುಕ್ಕಾಲು ಪಾಲು ಉದ್ರಿ. ಅಪ್ಪನ ಕಾಲದಿಂದ ಕೆಂಪು ರಟ್ಟಿನ ಖಾತೆ ಪುಸ್ತಕವೇ ಗತಿ. ಹೋದ ವರ್ಷ ಒಬ್ಬರಿಗೆ ಆ್ಯಪ್ ಮಾಡಿಕೊಡಿ ಎಂದು ಮುಂಗಡ ಕೊಟ್ಟೆ. ಎಂಟು ತಿಂಗಳು "ಸೋಮವಾರ ಪಕ್ಕಾ ಸರ್" ಅಂದರು. ಆಮೇಲೆ ಫೋನ್ ಎತ್ತುವುದನ್ನೇ ಬಿಟ್ಟರು.

ಕಳೆದ ವಾರ ನಾನೇ ಎಐ ಮುಂದೆ ಕೂತೆ. ಕೋಡಿಂಗ್‌ನ ಗಂಧಗಾಳಿ ಗೊತ್ತಿಲ್ಲ. "ಗಿರಾಕಿ ಹೆಸರು, ಎಷ್ಟು ಚೀಲ ಒಯ್ದ, ಎಷ್ಟು ದುಡ್ಡು ಕೊಟ್ಟ, ಎಷ್ಟು ಬಾಕಿ. ಶನಿವಾರ ಒಂದು ಬಟನ್ ಒತ್ತಿದರೆ ವಾಟ್ಸಾಪ್ ಮೆಸೇಜ್ ತಯಾರಿರಬೇಕು" ಎಂದು ಕನ್ನಡದಲ್ಲೇ ಬರೆದೆ. ಮೂರು ರಾತ್ರಿಗೆ ಮುಗಿಯಿತು, ಆ್ಯಪ್ ಓಡುತ್ತಿದೆ. ಗಿರಾಕಿ ತನ್ನ ಲಿಂಕ್ ಒತ್ತಿದರೆ ತನ್ನ ಖಾತೆ ಕಾಣುತ್ತದೆ. ಒಬ್ಬರನ್ನು ಕೇಳಿಯೇ ಅವರ ಲಿಂಕ್ ಕೆಳಗೆ ಹಾಕಿದ್ದೇನೆ, ನೋಡಿ.

ಒಂದೇ ಒಂದು ಎಡವಟ್ಟಾಯಿತು. ಎಐ ತಾನಾಗಿ ಮೆಸೇಜನ್ನು "ಮಾನ್ಯ ಸಾಲಗಾರರೇ" ಎಂದು ಶುರು ಮಾಡಿತ್ತು. ಹರಿಹರ ಕಡೆಯ ಹಿರಿಯರೊಬ್ಬರು ಬಸ್ ಹತ್ತಿ ಅಂಗಡಿಗೇ ಬಂದು, "ನಿಮ್ಮಪ್ಪನ ಕಾಲದಿಂದ ಮಾಲು ಒಯ್ಯುತ್ತಿದ್ದೇನೆ, ನಾನು ಸಾಲಗಾರನಾ?" ಎಂದು ಕೂಗಾಡಿದರು. ಈಗ "ಉದ್ರಿ ಬಾಕಿ" ಎಂದು ಬದಲಾಯಿಸಿದ್ದೇನೆ.

ಕೋಡ್ ಕಾಕಾ
"ಆ್ಯಪ್ ಓಡುತ್ತಿದೆ" ಎಂದಿರಲ್ಲ, ಓಡುವುದು ಬೇರೆ, ಬಾಳಿಕೆ ಬರುವುದು ಬೇರೆ ಸಾಹುಕಾರ್ರೇ. ಹದಿನೈದು ವರ್ಷ ಇದೇ ಕೆಲಸ ಮಾಡಿದವನು ನಾನು. 2025ರ ಜುಲೈನಲ್ಲಿ ಅಮೆರಿಕದ ಜೇಸನ್ ಲೆಮ್ಕಿನ್ ಎಂಬುವರು ರೆಪ್ಲಿಟ್ ಎಂಬ ಎಐ ಕೋಡಿಂಗ್ ಸೇವೆಯಲ್ಲಿ ಹೀಗೇ ಮಾತಲ್ಲೇ ಆ್ಯಪ್ ಕಟ್ಟುತ್ತಿದ್ದರು. ಏನನ್ನೂ ಮುಟ್ಟಬೇಡ ಎಂದು ಬರೆದು ಹೇಳಿದ್ದರೂ ಆ ಎಐ ಡೇಟಾಬೇಸನ್ನೇ ಅಳಿಸಿಹಾಕಿತು. 1,200ಕ್ಕೂ ಹೆಚ್ಚು ಜನರ ದಾಖಲೆ ಅದರಲ್ಲಿತ್ತು. ನಿಮ್ಮ ಅಪ್ಪನ ಖಾತೆ ಪುಸ್ತಕ ತನ್ನನ್ನು ತಾನೇ ಹರಿದುಕೊಂಡಿದ್ದು ಉಂಟಾ?

ಸೂಜಿ ದಾರ
ಪುಸ್ತಕ ತಾನೇ ಹರಿದುಕೊಳ್ಳುವುದಿಲ್ಲ, ಇಲಿ ಹರಿಯುತ್ತದೆ. ನನ್ನ ಟೈಲರಿಂಗ್ ಅಂಗಡಿಯ ಅಳತೆ ಪುಸ್ತಕವನ್ನು ದೀಪಾವಳಿಗೆ ಹತ್ತು ದಿನ ಇರುವಾಗ ಇಲಿ ತಿಂದಿತ್ತು. ಅರವತ್ತು ಜನರನ್ನು ಮತ್ತೆ ಕರೆದು ಅಳತೆ ತಗೊಂಡಿದ್ದೇನೆ. ಈಗ ಎಐ ಕೈಲಿ ಮಾಡಿಸಿದ ಆ್ಯಪ್‌ನಲ್ಲಿ ತೋಳು, ಎದೆ, ಕೊರಳು, ಯಾವ ದಿನ ಕೊಡಬೇಕು, ಎಲ್ಲ ಇದೆ.

ಮತ್ತೆ ಆ ರೆಪ್ಲಿಟ್ ಕತೆ ಅರ್ಧ ಮಾತ್ರ ಹೇಳಿದ್ದೀರಿ ಅಣ್ಣ. ಡೇಟಾ ವಾಪಸ್ ಬರಲ್ಲ ಎಂದು ಎಐ ಹೇಳಿತ್ತು, ಆದರೆ ವಾಪಸ್ ಬಂತು. ಕಂಪನಿ ಕ್ಷಮೆಯನ್ನೂ ಕೇಳಿತು.

ಕೋಡ್ ಕಾಕಾ
"ವಾಪಸ್ ಬರಲ್ಲ ಎಂದು ಎಐ ಹೇಳಿತ್ತು." ಅಂದರೆ ಸುಳ್ಳು ಹೇಳಿತು. ನೀವೇ ಬರೆದಿದ್ದೀರಿ ಮೇಡಂ, ನಾನಲ್ಲ.

ಮಂಡಕ್ಕಿ ಸಾಹುಕಾರ
ಸುಳ್ಳಾ? ನನಗೆ ಎಂಟು ತಿಂಗಳು "ಸೋಮವಾರ ಪಕ್ಕಾ" ಎಂದವರು ಎಐ ಅಲ್ಲ ಕಾಕಾ, ನಿಮ್ಮ ಕಸುಬಿನವರೇ. ಎಷ್ಟು ಸೋಮವಾರ ಹೋಯಿತು ಎಂದು ಲೆಕ್ಕ ಹಾಕಿ.

ನಮ್ ಬೆಂಗ್ಳೂರು
ಆ್ಯಪ್ ವಿಷಯ ಹಾಗಿರಲಿ. "ಉದ್ರಿ ಬಾಕಿ" ಯಾವ ಕನ್ನಡ ಸ್ವಾಮಿ? ಉಧಾರ್ ಎಂಬ ಹಿಂದಿ, ಮರಾಠಿ ಪದ ಅದು. ಎಐ "ಸಾಲ" ಎಂದು ಒಳ್ಳೆ ಕನ್ನಡ ಬರೆದಿತ್ತು, ನೀವು ಕೆಡಿಸಿದಿರಿ. ನಮ್ಮ ಕಡೆ "ಕಡ" ಅನ್ನುತ್ತೇವೆ.

ಕೋಟೆ ಹೈದ, ಚಿತ್ರದುರ್ಗ
ಒಳ್ಳೆ ಕನ್ನಡವಂತೆ! ಸಾಲ ಬ್ಯಾಂಕಿನದು, ಉದ್ರಿ ಅಂಗಡಿಯದು. ಸಾಲಕ್ಕೆ ಬಡ್ಡಿ ಇದೆ, ಉದ್ರಿಗೆ ಮುಖ ಇದೆ. ಚಳ್ಳಕೆರೆ ಎಣ್ಣೆ ಮಿಲ್ಲಿಗೆ ಬಂದು ಒಂದು ದಿನ ಕೂತ್ಕೊಳ್ಳಿ, ಗೊತ್ತಾಗುತ್ತೆ. "ಕಡ" ಅಂದರೆ ನಮ್ಮ ಹಮಾಲರು ಎಡ ಬಲ ನೋಡುತ್ತಾರೆ.

ನಮ್ ಬೆಂಗ್ಳೂರು
ನಿಮ್ಮ ಹಮಾಲರಿಗೆ ಗೊತ್ತಿಲ್ಲದ್ದು ಕನ್ನಡ ಅಲ್ಲ ಎಂದು ಯಾವ ನಿಘಂಟಿನಲ್ಲಿದೆ? ತಮಿಳಿನಲ್ಲಿ ಕಡನ್, ಕನ್ನಡದಲ್ಲಿ ಕಡ. ಅಚ್ಚ ದ್ರಾವಿಡ ಪದ. ಉತ್ತರ ಕರ್ನಾಟಕದವರು ಮರಾಠಿ ಪದ ಬಳಸಿ ಬಳಸಿ ಅದನ್ನೇ ಕನ್ನಡ ಎಂದುಕೊಂಡಿದ್ದೀರಿ.

ಮಂಡಕ್ಕಿ ಸಾಹುಕಾರ
ಯಾರು ಉತ್ತರ ಕರ್ನಾಟಕ? ದಾವಣಗೆರೆ ಮಧ್ಯ ಕರ್ನಾಟಕ. ನಕ್ಷೆ ನೋಡಿ ಮಾತಾಡಿ.

ಕೋಟೆ ಹೈದ
1997ರವರೆಗೆ ನೀವು ಚಿತ್ರದುರ್ಗ ಜಿಲ್ಲೆಯೇ ಸಾಹುಕಾರ್ರೇ. ಸುಮ್ನೆ ನೆನಪಿಸಿದೆ.

ಮಂಡಕ್ಕಿ ಸಾಹುಕಾರ
ಹೌದು, ಜೆ.ಎಚ್. ಪಟೇಲರು ಬೇರೆ ಮಾಡಿದರು, ಒಳ್ಳೆಯದೇ ಆಯಿತು. ನೀವು ನನ್ನ ಕಡೆಯೋ ಅವರ ಕಡೆಯೋ ಅದು ಮೊದಲು ಹೇಳಿ.

ಲೆಕ್ಕದ ಮೇಷ್ಟ್ರು
ಉದ್ರಿಯೋ ಕಡವೋ ಆಮೇಲೆ ನೋಡಿಕೊಳ್ಳಿ. ನನ್ನದು ಎರಡು ಪ್ರಶ್ನೆ. ಒಂದು, ಗಿರಾಕಿ ಮುಂಗಡವಾಗಿ ನಾನೂರು ರೂಪಾಯಿ ಜಾಸ್ತಿ ಕೊಟ್ಟರೆ ನಿಮ್ಮ ಆ್ಯಪ್ ಏನು ತೋರಿಸುತ್ತದೆ? ಎರಡು, ಬಿಲ್‌ನಲ್ಲಿ ಜಿಎಸ್‌ಟಿ ಹೇಗೆ ಹಾಕಿದ್ದೀರಿ? ಮಂಡಕ್ಕಿ ಬಿಡಿಯಾಗಿ ಕೊಟ್ಟರೆ ತೆರಿಗೆ ಇಲ್ಲ. ಮೊದಲೇ ಪೊಟ್ಟಣ ಕಟ್ಟಿ ಲೇಬಲ್ ಹಚ್ಚಿದ್ದಕ್ಕೆ 5 ಪರ್ಸೆಂಟ್. 2022ರ ಜುಲೈ 18ರಿಂದ ಹೀಗಿದೆ.

ಮಂಡಕ್ಕಿ ಸಾಹುಕಾರ
ಒಳ್ಳೆ ಪ್ರಶ್ನೆ ಮೇಷ್ಟ್ರೇ. ಎಐ ಮೊದಲು ಎಲ್ಲಕ್ಕೂ 5 ಹಾಕಿತ್ತು. ನಮ್ಮ ಬಿಡಿ ಚೀಲಕ್ಕೂ ಹಾಕಿತ್ತು. "ಲೇಬಲ್ ಇರುವ ಅರ್ಧ ಕೆಜಿ, ಒಂದು ಕೆಜಿ ಪೊಟ್ಟಣಕ್ಕೆ ಮಾತ್ರ ಹಾಕು" ಎಂದು ಒಂದು ಸಾಲು ಬರೆದೆ. ಎರಡು ನಿಮಿಷದಲ್ಲಿ ಸರಿಯಾಯಿತು. ಅದೇ ಸಾಫ್ಟ್‌ವೇರ್‌ನವರಾಗಿದ್ದರೆ ಅದಕ್ಕೊಂದು ಬೇರೆ ಬಿಲ್ ಕಳಿಸುತ್ತಿದ್ದರು.

ಲೆಕ್ಕದ ಮೇಷ್ಟ್ರು
ನಿಮಗೆ ಗೊತ್ತಿದ್ದಕ್ಕೆ ಸರಿಯಾಯಿತು. ಗೊತ್ತಿಲ್ಲದ್ದು ಎಷ್ಟು ಹಾಗೇ ಕೂತಿದೆಯೋ! ಮೊದಲ ಪ್ರಶ್ನೆಗೆ ಉತ್ತರ ಬರಲಿಲ್ಲ.

ನಮ್ ಬೆಂಗ್ಳೂರು
ನೋಡಿ, ಮೇಷ್ಟ್ರು ಕೂಡ "ಮುಂಗಡ" ಎಂದೇ ಬರೆದರು. ಅಡ್ವಾನ್ಸ್ ಎನ್ನಲಿಲ್ಲ. ಮನಸ್ಸಿದ್ದರೆ ಕನ್ನಡ ಪದ ಸಿಗುತ್ತದೆ.

ಕೋಟೆ ಹೈದ
ಸಿಗುತ್ತಾ? ಹಾಗಾದರೆ ಬಾಕಿ, ಜಮಾ, ಖರ್ಚು, ವಸೂಲಿ, ರಸೀದಿ ಇಷ್ಟನ್ನೂ ತೆಗೆದು ಒಂದು ದಿನ ಅಂಗಡಿ ನಡೆಸಿ ತೋರಿಸಿ. ಎಲ್ಲ ಅರಬ್ಬಿ, ಪಾರಸಿಯಿಂದ ಬಂದವೇ. ಉದ್ರಿ ಒಂದರ ಮೇಲೆ ಯಾಕೆ ನಿಮಗೆ ಸಿಟ್ಟು? ಯಾರಾದರೂ ಉದ್ರಿ ಕೊಡಲ್ಲ ಎಂದರಾ?

ನಮ್ ಬೆಂಗ್ಳೂರು
ವೈಯಕ್ತಿಕವಾಗಿ ಬರಬೇಡಿ. ನಾನು ಯಾರ ಹತ್ತಿರವೂ ಕಡ ಮಾಡಿದವನಲ್ಲ.

ಕೋಟೆ ಹೈದ
ಉದ್ರಿ ಮಾಡದವನಿಗೆ ಉದ್ರಿಯ ಕನ್ನಡ ಹೇಗೆ ಗೊತ್ತಾಗಬೇಕು ಗುರುವೇ!

ಸೂಜಿ ದಾರ
ನನ್ನ ಆ್ಯಪ್‌ನಲ್ಲೂ ಇಂಥದ್ದೇ ಆಗಿತ್ತು. ಫಾಲ್ಸ್ ಹಚ್ಚುವುದು ಎಂಬುದನ್ನು ಎಐ "ಜಲಪಾತ" ಮಾಡಿತ್ತು. ಗಿರಾಕಿಗೆ "ನಿಮ್ಮ ಸೀರೆಯ ಜಲಪಾತ ಸಿದ್ಧವಾಗಿದೆ" ಎಂದು ಮೆಸೇಜ್. ಅವರು ಬಂದು ನಗುತ್ತಲೇ ಇದ್ದರು. ಆದರೆ ಸೀರೆ ಹೇಳಿದ ದಿನವೇ ಕೊಟ್ಟೆ, ಅದು ಆ್ಯಪ್‌ನಿಂದ ಆಗಿದ್ದು. ಮೊದಲೆಲ್ಲ "ನಾಳೆ ಬಾ ಅಕ್ಕ" ಎನ್ನುತ್ತಿದ್ದೆ.

ಕೋಡ್ ಕಾಕಾ
ಜಲಪಾತ ನಗುವ ವಿಷಯ ಅಲ್ಲ. ಕಣ್ಣಿಗೆ ಕಾಣುವ ತಪ್ಪಿಗೆ ನಗುತ್ತೀರಿ, ಕಾಣದ ತಪ್ಪಿಗೆ ಏನು ಮಾಡುತ್ತೀರಿ? ಎಐಗಳನ್ನು ಪರೀಕ್ಷಿಸುವ ಮೀಟರ್ (METR) ಎಂಬ ಸಂಸ್ಥೆ 2025ರಲ್ಲಿ 16 ಜನ ಅನುಭವಿ ಡೆವಲಪರ್‌ಗಳ ಮೇಲೆ ಅಧ್ಯಯನ ಮಾಡಿದೆ. ಎಐ ಬಳಸಿದಾಗ ಅವರಿಗೆ 19 ಪರ್ಸೆಂಟ್ ಜಾಸ್ತಿ ಸಮಯ ಹಿಡಿಯಿತು. ಅವರು ಮಾತ್ರ ಬೇಗ ಮುಗಿಸಿದೆವು ಎಂದೇ ನಂಬಿದ್ದರು. ಅನುಭವಿಗಳ ಕತೆಯೇ ಹೀಗೆ.

ಸೂಜಿ ದಾರ
"ಅನುಭವಿ ಡೆವಲಪರ್‌ಗಳು." ಅಲ್ಲೇ ಉತ್ತರ ಇದೆಯಲ್ಲ ಅಣ್ಣ. ತಮಗೆ ಅಂಗೈ ಗೆರೆಯಷ್ಟು ಪರಿಚಯವಿದ್ದ ದೊಡ್ಡ ಕೋಡ್‌ನಲ್ಲಿ ಅವರು ಕೆಲಸ ಮಾಡುತ್ತಿದ್ದರು. ನನಗೆ ಎಐ ಇಲ್ಲದಿದ್ದರೆ ಎಷ್ಟು ಸಮಯ ಹಿಡಿಯುತ್ತಿತ್ತು? ಆಯಸ್ಸು ಪೂರ್ತಿ!

ಮಂಡಕ್ಕಿ ಸಾಹುಕಾರ
ಅಕ್ಕ ಸರಿಯಾಗಿ ಹೇಳಿದರು. ಕಾಕಾನವರ ಹೊಟ್ಟೆಪಾಡಿನ ಪ್ರಶ್ನೆ, ಅದಕ್ಕೇ ಹೊಟ್ಟೆ ಉರಿ.

ಕೋಡ್ ಕಾಕಾ
ಹೊಟ್ಟೆ ಉರಿಯಂತೆ! ಸರಿ. ಎಐಗೆ ಮಾತಲ್ಲೇ ಹೇಳಿ ಆ್ಯಪ್ ಮಾಡಿಸುವ ಈ ಪದ್ಧತಿಗೆ "ವೈಬ್ ಕೋಡಿಂಗ್" ಎಂದು 2025ರ ಫೆಬ್ರವರಿಯಲ್ಲಿ ಹೆಸರಿಟ್ಟವರು ಆಂದ್ರೇ ಕರ್ಪಾತಿ. ಚಾಟ್‌ಜಿಪಿಟಿ ಮಾಡಿದ ಓಪನ್‌ಎಐ ಕಂಪನಿಯ ಸ್ಥಾಪಕರಲ್ಲಿ ಒಬ್ಬರು. ಅವರಿಗೂ ಹೊಟ್ಟೆ ಉರಿಯಾ? ವಾರಾಂತ್ಯದಲ್ಲಿ ಮಾಡಿ ಬಿಸಾಡುವ ಪ್ರಾಜೆಕ್ಟ್‌ಗಳಿಗೆ ಇದು ಪರವಾಗಿಲ್ಲ ಎಂದು ಅವರೇ ಬರೆದಿದ್ದಾರೆ. ಬಿಸಾಡುವ ಪ್ರಾಜೆಕ್ಟ್! ನಿಮ್ಮ ಗಿರಾಕಿಗಳ ದುಡ್ಡಿನ ಲೆಕ್ಕ ಬಿಸಾಡುವಂಥದ್ದಾ?

ಮಂಡಕ್ಕಿ ಸಾಹುಕಾರ
ಅವರು ವಾರಾಂತ್ಯ ಎಂದರು. ನಾನು ಮಾಡಿದ್ದು ಸೋಮವಾರದಿಂದ ಬುಧವಾರ.

ಲೆಕ್ಕದ ಮೇಷ್ಟ್ರು
ನಾನೂರು ರೂಪಾಯಿ ಪ್ರಶ್ನೆ ಇನ್ನೂ ಹಾಗೇ ಇದೆ.

ಮಂಡಕ್ಕಿ ಸಾಹುಕಾರ
ಈಗಷ್ಟೇ ಹಾಕಿ ನೋಡಿದೆ ಮೇಷ್ಟ್ರೇ. "ಉದ್ರಿ ಬಾಕಿ: -400" ಎಂದು ತೋರಿಸುತ್ತದೆ. ಮೈನಸ್ ಅಂದರೆ ನಾವು ಕೊಡಬೇಕು ಎಂದು. ಯಾರಿಗಾದರೂ ಗೊತ್ತಾಗುತ್ತದೆ.

ಲೆಕ್ಕದ ಮೇಷ್ಟ್ರು
ಯಾರಿಗೆ? ಹರಿಹರದ ಹಿರಿಯರಿಗಾ? ನೀವೇ ಹಾಕಿ ನೋಡುವವರೆಗೆ ನಿಮಗೂ ಗೊತ್ತಿರಲಿಲ್ಲ. ಹಳೆ ಖಾತೆಯಲ್ಲಿ ಎಡಕ್ಕೆ ಜಮಾ, ಬಲಕ್ಕೆ ಖರ್ಚು ಎಂದು ಎರಡು ಕಡೆ ಇರುತ್ತಿತ್ತು. ಓದು ಬಾರದವನೂ ಯಾವ ಕಡೆ ಬರೆದಿದೆ ಎಂದು ನೋಡಿ ತಿಳಿಯುತ್ತಿದ್ದ. ಆ ಸಣ್ಣ ಅಡ್ಡಗೆರೆ ಮೊಬೈಲ್ ಪರದೆಯ ಮೇಲೆ ಕಾಣುತ್ತಾ? ಶನಿವಾರ ಬಟನ್ ಒತ್ತಿದಾಗ ಅವರಿಗೂ "400 ಬಾಕಿ ಕೊಡಿ" ಎಂದು ಹೋಗುವುದಿಲ್ಲ ಎಂದು ಪರೀಕ್ಷೆ ಮಾಡಿದ್ದೀರಾ?

ನಮ್ ಬೆಂಗ್ಳೂರು
"ಕಡ" ಎಂದಿದ್ದರೆ ಈ ಗೊಂದಲವೇ ಇರುತ್ತಿರಲಿಲ್ಲ.

ಕೋಟೆ ಹೈದ
ಮೈನಸ್ ಕಡ ಎಂದು ಬರುತ್ತಿತ್ತು, ಅಷ್ಟೇ. ಎಷ್ಟು ಚೆಂದ!

ನಮ್ ಬೆಂಗ್ಳೂರು
ನಿಮಗೆ ಭಾಷೆ ಎಂದರೆ ತಮಾಷೆ. ನಾಳೆ ಈ ಎಐಗಳು ನೀವು ಬರೆದಿದ್ದನ್ನೇ ಓದಿ ಕಲಿಯುತ್ತವೆ, ಆಗ ಇಡೀ ಕರ್ನಾಟಕಕ್ಕೆ ಉದ್ರಿ ಎಂದೇ ಹೇಳಿಕೊಡುತ್ತವೆ. ಆ ಪಾಪ ನಿಮಗೇ.

ಕೋಟೆ ಹೈದ
ಆ ಪುಣ್ಯ ಎನ್ನಿ. ಹರಿಹರದ ಹಿರಿಯರು ಮತ್ತೆ ಬಸ್ ಹತ್ತುವುದು ತಪ್ಪುತ್ತದೆ. ಬೆಣ್ಣೆ ದೋಸೆ ತಿನ್ನಲಿಕ್ಕೆ ಹತ್ತಿದರೆ ಹತ್ತಲಿ.

ಕೋಡ್ ಕಾಕಾ
ನಿಮ್ಮ ಜಗಳದಲ್ಲಿ ಯಾರೂ ನೋಡದ ಒಂದು ವಿಷಯ ಹೇಳುತ್ತೇನೆ. ಸಾಹುಕಾರ್ರೇ, ನೀವು ಮೇಲೆ ಹಾಕಿದ ಲಿಂಕ್‌ನ ಕೊನೆಯಲ್ಲಿ 41 ಎಂದಿದೆ. ಅದನ್ನು 42 ಮಾಡಿ ನೋಡಿದೆ. ಬೇರೆ ಗಿರಾಕಿಯ ಖಾತೆ ತೆರೆಯಿತು. ಹೆಸರು, ಫೋನ್ ನಂಬರ್, ಬಾಕಿ ಎಲ್ಲ ಇತ್ತು. ಪಾಸ್‌ವರ್ಡ್ ಕೇಳಲೇ ಇಲ್ಲ. ಅಲ್ಲಿಗೇ ಮುಚ್ಚಿದೆ. ಲವಬಲ್ ಎಂಬ ಎಐ ಆ್ಯಪ್ ಕಟ್ಟುವ ಸೇವೆಯಲ್ಲಿ ಕಟ್ಟಿದ 1,645 ಆ್ಯಪ್ ತಪಾಸಣೆ ಮಾಡಿದಾಗ 170ರಲ್ಲಿ ಹೀಗೆ ಬೇರೆಯವರ ಮಾಹಿತಿ ಬಯಲಾಗಿತ್ತು. ಅದೂ 2025ರದ್ದೇ.

ಸೂಜಿ ದಾರ
ಅಂದರೆ 1,475 ಚೆನ್ನಾಗಿಯೇ ಇದ್ದವು.

ಮಂಡಕ್ಕಿ ಸಾಹುಕಾರ
"42 ಮಾಡಿ ನೋಡಿದೆ" ಎಂದರೆ ಏನು ಅರ್ಥ? ಬೇರೆಯವರ ಖಾತೆ ಇಣುಕಿ ನೋಡುವುದು ಮರ್ಯಾದೆಯಾ? ಅಂಗಡಿಗೆ ಬಂದವರು ಗಲ್ಲಾ ಪೆಟ್ಟಿಗೆ ತೆಗೆದು ನೋಡುತ್ತಾರಾ? ಹದಿನೈದು ವರ್ಷ ಇದನ್ನೇ ಕಲಿತದ್ದಾ ನೀವು?

ಕೋಡ್ ಕಾಕಾ
ಗಲ್ಲಾ ಪೆಟ್ಟಿಗೆಯನ್ನು ರಸ್ತೆ ಮೇಲೆ ಇಟ್ಟಿದ್ದೀರಿ ಸ್ವಾಮಿ! ನಾನು ಒಳ್ಳೆಯವನು, ಹೇಳಿದೆ. ನಿಮ್ಮ ಎದುರು ಅಂಗಡಿಯವರು ನೋಡಿದರೆ ಹೇಳುವುದಿಲ್ಲ. ಯಾವ ಊರಿನ ಗಿರಾಕಿ ಎಷ್ಟು ಚೀಲ ಒಯ್ಯುತ್ತಾನೆ, ಯಾವ ದರಕ್ಕೆ, ಎಲ್ಲ ಬರೆದುಕೊಂಡು ಹೋಗುತ್ತಾರೆ. ವೈಯಕ್ತಿಕ ಡೇಟಾ ರಕ್ಷಣೆಯ ಕಾಯ್ದೆ 2023ರಲ್ಲೇ ಪಾಸಾಗಿದೆ. ಅದರಲ್ಲಿ ದಂಡ 250 ಕೋಟಿವರೆಗೆ ಇದೆ.

ಮಂಡಕ್ಕಿ ಸಾಹುಕಾರ
250 ಕೋಟಿ! ದಾವಣಗೆರೆಯ ಮಂಡಕ್ಕಿ ಭಟ್ಟಿ ಎಲ್ಲ ಮಾರಿದರೂ ಅಷ್ಟು ಆಗಲಿಕ್ಕಿಲ್ಲ. ಹೆದರಿಸುವುದಕ್ಕೂ ಒಂದು ಅಳತೆ ಬೇಕು.

ಲೆಕ್ಕದ ಮೇಷ್ಟ್ರು
ಅದು ಗರಿಷ್ಠ ಮೊತ್ತ, ಎಲ್ಲರಿಗೂ ಅಲ್ಲ. ಕಾಕಾ ಅಲ್ಲಿ ಸ್ವಲ್ಪ ಬಿಟ್ಟು ಹೇಳಿದ್ದಾರೆ. ಆದರೆ 42ರ ವಿಷಯ ನಿಜ. ನಾನು 43 ಮಾಡಿ ನೋಡಿದೆ.

ಮಂಡಕ್ಕಿ ಸಾಹುಕಾರ
ಮೇಷ್ಟ್ರೇ ನೀವೂನಾ?

ಲೆಕ್ಕದ ಮೇಷ್ಟ್ರು
ಅದರಲ್ಲಿ "ಉದ್ರಿ ಬಾಕಿ: -1,150" ಇದೆ. ನಿನ್ನೆಯ ತಾರೀಕಿನಲ್ಲಿ "ಜ್ಞಾಪನೆ ಕಳುಹಿಸಲಾಗಿದೆ" ಎಂದೂ ಇದೆ. ನೀವೇ ದುಡ್ಡು ಕೊಡಬೇಕಾದವರಿಗೆ ನೀವೇ ತಗಾದೆ ಕಳಿಸಿದ್ದೀರಿ.

ಕೋಟೆ ಹೈದ
ಹರಿಹರದ ಬಸ್ ಹೊರಟಿರಬೇಕು ಈಗ.

ನಮ್ ಬೆಂಗ್ಳೂರು
"ಜ್ಞಾಪನೆ", "ತಗಾದೆ". ನೋಡಿ, ಮೊದಲನೆಯದು ಸಂಸ್ಕೃತ, ಎರಡನೆಯದು ಮತ್ತೆ ಅರಬ್ಬಿ. ನಾನು ಹೇಳುತ್ತಿರುವುದು ಇದನ್ನೇ.

ಸೂಜಿ ದಾರ
ಸಾಹುಕಾರ್ರೇ, ಲಿಂಕ್ ಈಗ ಯಾಕೋ ತೆರೆಯುತ್ತಿಲ್ಲ. ನನಗೂ ಹಾಗೊಂದು ಖಾತೆ ಲಿಂಕ್ ಬೇಕಿತ್ತು, ಹೇಗಿದೆ ನೋಡೋಣ ಎಂದು ಒತ್ತಿದೆ.

ಮಂಡಕ್ಕಿ ಸಾಹುಕಾರ
ಸ್ವಲ್ಪ ಕೆಲಸ ನಡೆಯುತ್ತಿದೆ ಅಕ್ಕ. ಮೇಲಿನ ಕಮೆಂಟ್‌ಗಳಿಗೂ ಅದಕ್ಕೂ ಸಂಬಂಧ ಇಲ್ಲ. ಎಐಗೆ ಹೇಳಿದ್ದೇನೆ, ಮಾಡುತ್ತಿದೆ. ಅಂದಹಾಗೆ ಓಟಿಪಿ ಹಾಕಿಸಬೇಕಾದರೆ ತಿಂಗಳಿಗೆ ಎಷ್ಟು ಬೀಳುತ್ತದೆ? ಕಾಕಾ ಬಿಟ್ಟು ಬೇರೆ ಯಾರಿಗಾದರೂ ಗೊತ್ತಿದ್ದರೆ ಹೇಳಿ.