ಪದ ಬೇಕು: ಕೂತೇ ಇರುವವರ ಕಾಲಿನಲ್ಲಿ ಕಟ್ಟುವ ರಕ್ತಕ್ಕೆ

ನಾಳೆ ಅಚ್ಚಿಗೆ ಹೋಗುವ ಭಿತ್ತಿಪತ್ರಕ್ಕೆ ಅರ್ಜೆಂಟಾಗಿ ಪದ ಬೇಕು. ಗಂಟೆಗಟ್ಟಲೆ ಕೂತೇ ಇರುವವರನ್ನು ಎಚ್ಚರಿಸುವ ಭಿತ್ತಿಪತ್ರ. ವೈದ್ಯರು ಡೀಪ್ ವೇಯ್ನ್ ಥ್ರಾಂಬೋಸಿಸ್, ಡಿವಿಟಿ ಎನ್ನುತ್ತಾರೆ. ನನಗೆ ಸಿಕ್ಕಿದ್ದು 'ಆಳ ಅಭಿಧಮನಿ ರಕ್ತಹೆಪ್ಪುಗಟ್ಟುವಿಕೆ' (ಅಭಿಧಮನಿ ಎಂದರೆ ಹೃದಯದ ಕಡೆಗೆ ರಕ್ತ ಒಯ್ಯುವ ನಾಳ). ಇದನ್ನು ಯಾರು ನಿಂತು ಓದುತ್ತಾರೆ? ಚಿಕ್ಕದು ಇದ್ದರೆ ತಿಳಿಸಿ.

ಉತ್ತರ 1:
'ಹೆಪ್ಪುಗಟ್ಟುವಿಕೆ' ಇಲ್ಲಿ ತಪ್ಪು. ಹೆಪ್ಪು ಎಂದರೆ ಹಾಲಿಗೆ ಹಾಕುವುದು. ಹೊರಗಿನದು ಬಿದ್ದರೆ ಹಾಲು ಕಟ್ಟುತ್ತದೆ. ಕಾಲಿನಲ್ಲಿ ರಕ್ತ ತಾನಾಗಿ ಗಟ್ಟಿಯಾಗುತ್ತದೆ. ಅದಕ್ಕೆ ಕನ್ನಡದ್ದೇ ಆದ 'ಗರಣೆ' ಇದೆ, 'ಕರಣೆ' ಅಂತಲೂ ಉಂಟು. 'ನೆತ್ತರ ಗರಣೆ' ಎಂದು ಹಾಕಿ. ಅಭಿಧಮನಿ ಬೇಡವೇ ಬೇಡ.

ಉತ್ತರ 2:
ಅಭಿಧಮನಿ ಬೇಡ, ಒಪ್ಪಿದೆ. 'ರಕ್ತನಾಳ' ಸಾಕು. 'ನರ' ಅಂತ ಮಾತ್ರ ಬರೆಯಬೇಡಿ, ಅರ್ಥ ಬೇರೆ ಕಡೆ ಹೋಗುತ್ತದೆ. 'ಗಡ್ಡೆ'ಯೂ ಬೇಡ, ಓದಿದವರು ಕ್ಯಾನ್ಸರ್ ಅಂದುಕೊಳ್ಳುತ್ತಾರೆ.

ಆದರೆ ಹೆಪ್ಪಿನ ಬಗ್ಗೆ ಉತ್ತರ 1ರ ವಾದ ನಿಲ್ಲುವುದಿಲ್ಲ. ಗ್ರೀಕಿನ 'ಥ್ರಾಂಬೋಸ್' ಎಂದರೂ ಉಂಡೆ, ಗಟ್ಟಿಯಾದ ರಕ್ತ, ಒಡೆದ ಹಾಲಿನ ಗಟ್ಟಿ. ಅಲ್ಲಿ ಹಾಲು ರಕ್ತ ಎರಡಕ್ಕೂ ಒಂದೇ ಪದ ನಡೆಯಿತು. ಇಲ್ಲಿ ಯಾಕೆ ನಡೆಯಬಾರದು?

ಪದಕ್ಕಿಂತ ಮುಖ್ಯ, ಕಾರಣ ಗೊತ್ತಾಗಬೇಕು. ನಡೆಯುವಾಗ ಮೀನಖಂಡ ಬಿಗಿದು ಸಡಿಲಗೊಳ್ಳುತ್ತದೆ, ರಕ್ತವನ್ನು ಮೇಲಕ್ಕೆ ತಳ್ಳುತ್ತದೆ. ಕೂತಾಗ ಆ ಕೆಲಸ ನಿಲ್ಲುತ್ತದೆ. ರಕ್ತ ನಿಧಾನವಾಗುತ್ತದೆ, ಕೆಲವರಲ್ಲಿ ಕಟ್ಟುತ್ತದೆ. ಅದರ ತುಂಡು ಕಿತ್ತು ಶ್ವಾಸಕೋಶಕ್ಕೆ ಹೋದರೆ ಜೀವಕ್ಕೇ ಅಪಾಯ. ವಿಮಾನದಲ್ಲಿ ಕೂತವರಿಗೆ ಮಾತ್ರ ಬರುವ ಹಾಗೆ 'ವಿಮಾನದ ಕಾಯಿಲೆ' ಎಂದೂ ಬರೆಯಬೇಡಿ. 1940ರಲ್ಲೇ ಲಂಡನ್ನಿನ ಬಾಂಬ್ ಆಶ್ರಯತಾಣಗಳಲ್ಲಿ ರಾತ್ರಿಯೆಲ್ಲ ಕುರ್ಚಿಯಲ್ಲಿ ಕೂತವರು ಹೀಗೆ ಸತ್ತಿದ್ದರು. 2007ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹೇಳಿದ್ದೂ ಇದನ್ನೇ: ಬಸ್ಸಾಗಲಿ, ರೈಲಾಗಲಿ, 4 ಗಂಟೆಗಿಂತ ಜಾಸ್ತಿ ಕೂತು ಪ್ರಯಾಣ ಮಾಡಿದರೆ ಅಪಾಯ ಸುಮಾರು ಎರಡು ಪಟ್ಟು. ಆರೋಗ್ಯವಂತರಿಗೆ ಅದು ಆಗಲೂ ಕಡಿಮೆಯೇ. ಆಪರೇಷನ್ ಆದವರು, ಬಸುರಿಯರು, ಹಿಂದೆ ಒಮ್ಮೆ ರಕ್ತ ಕಟ್ಟಿದವರು ಜಾಸ್ತಿ ಹುಷಾರಾಗಿರಬೇಕು.

ಉತ್ತರ 1:
ಗ್ರೀಕ್ ನನಗೆ ಬೇಕಿಲ್ಲ. ಗರಣೆ ಗೊತ್ತಿಲ್ಲ ಅಂತ ಬಿಟ್ಟರೆ ಎಂದೂ ಗೊತ್ತಾಗುವುದಿಲ್ಲ. ಥ್ರಾಂಬೋಸಿಸ್ ಮಾತ್ರ ಯಾರಿಗೆ ಗೊತ್ತಿತ್ತು? ಕಡ ತಂದ ಪದಕ್ಕೆ ಸಿಗುವ ತಾಳ್ಮೆ ನಮ್ಮ ಪದಕ್ಕೆ ಯಾಕಿಲ್ಲ?

ಉತ್ತರ 3:
ತಾಳ್ಮೆ ಪುಸ್ತಕದಲ್ಲಿ ಇರಲಿ. ಎಚ್ಚರಿಕೆ ಓದಿದ ಕೂಡಲೇ ಅರ್ಥವಾಗಬೇಕು.

ಕೇಳಿದವರು:
ಹೀಗೆ ಹಾಕುತ್ತಿದ್ದೇನೆ: "ಕೂತೇ ಇದ್ದರೆ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಬಹುದು. ಆಗಾಗ ಎದ್ದು ನಡೆಯಿರಿ. ಒಂದೇ ಕಾಲು ಊದಿ ನೋವಾದರೆ ವೈದ್ಯರಿಗೆ ತೋರಿಸಿ. ಇದ್ದಕ್ಕಿದ್ದಂತೆ ಉಸಿರು ಕಟ್ಟಿದರೆ, ಎದೆ ನೋವು ಬಂದರೆ ತಕ್ಷಣ ಆಸ್ಪತ್ರೆಗೆ ಹೋಗಿ." ಕೆಳಗೆ ಸಣ್ಣದಾಗಿ 'ಡಿವಿಟಿ' ಇರುತ್ತದೆ. ವೈದ್ಯರ ಚೀಟಿಯಲ್ಲಿ ಕಾಣುವುದು ಅದೇ ಅಲ್ವಾ?