ತಿರುವಿನಲ್ಲಿ ಮಾದರಿ ಟ್ರ್ಯಾಮ್ ಹಳಿ ತಪ್ತಿದೆ, ಗಾಲಿ ಎರಡು ಸಲ ಬದಲಿಸಾಯ್ತು

ಬಳ್ಳಾರಿ_ಎಚ್ಒ:
ನನ್ನ ಎಚ್ಒ (1:87 ಅಳತೆಯ) ಮಾದರಿ ಟ್ರ್ಯಾಮ್ ನೇರ ಹಳಿ ಮೇಲೆ ಬೆಣ್ಣೆಯಂಗೆ ಹೋಗ್ತೈತೆ. ತಿರುವು ಬಂತೋ, ಮುಂದಿನ ಹೊರಗಾಲಿ ಹಳಿ ಹತ್ತಿ ಕೆಳಗೆ ಬೀಳ್ತೈತೆ. ತೂಕ ಹಾಕಿದೆ, ಗಾಲಿ ಬದಲಿಸಿದೆ. ಇನ್ನೇನ್ ಮಾಡ್ಬೇಕ್ರಿ?

ರಾಯಚೂರು_ಗೇಜ್:
ಎರಡು ಗಾಲಿಗಳ ಒಳಮೈ ನಡುವಿನ ಅಂತರ ಅಳೀರಿ. 14.4 ಮಿಮೀ ಇರಬೇಕು. ಕಡಿಮೆ ಇದ್ರ ಅದೇ ರೋಗ.

ಬಳ್ಳಾರಿ_ಎಚ್ಒ:
14.4 ಐತೆ. ವರ್ನಿಯರ್ ಹಿಡಿದೇ ನೋಡೀನಿ.

ರಾಯಚೂರು_ಗೇಜ್:
ವರ್ನಿಯರ್ ಓರೆ ಕೂತಿರ್ತದ, ಮತ್ತೊಮ್ಮೆ ಅಳೀರಿ. ಇಲ್ಲಾಂದ್ರ ಗಾಲಿಗೆ ಕೋನಿಂಗ್ (ಹಳಿ ಮೇಲೆ ಉರುಳೋ ಮೈಯ ಇಳಿಜಾರು) ಸಾಲ್ದು. 1:20 ಇಳಿಜಾರಿದ್ರ ಆಕ್ಸಲ್ ತಾನಾಗೇ ತಿರುಗ್ತದ, ದೊಡ್ಡ ರೈಲೂ ಹಂಗೇ.

ಕೊಪ್ಪಳ_87:
ತಿರುವಿನ ತ್ರಿಜ್ಯ ಎಷ್ಟು? ಎರಡೇ ಆಕ್ಸಲ್ಲೋ, ಬೋಗಿಯೋ (ತಿರುಗೋ ಗಾಲಿ ಚೌಕಟ್ಟು)? ಅದನ್ನೇ ಯಾರೂ ಕೇಳಿಲ್ಲಲ್ರಿ.

ಬಳ್ಳಾರಿ_ಎಚ್ಒ:
ಟ್ರ್ಯಾಮ್ ಅಂದ್ಮೇಲೆ ಗೊತ್ತಾಗ್ತೈತೆ ಅನ್ಕೊಂಡೆ. ತ್ರಿಜ್ಯ 250 ಮಿಮೀ. ಎರಡು ಆಕ್ಸಲ್, ನಡುವೆ 58. ಗಾಲಿ ವ್ಯಾಸ 10.5.

ಕೊಪ್ಪಳ_87:
ಹಂಗಾದ್ರ ಕೋನಿಂಗ್ ಮಾತು ಬಿಡ್ರಿ. ಗಾಲಿ ತ್ರಿಜ್ಯ 5.25 × ಅರ್ಧ ಗೇಜ್ (ಎರಡು ಹಳಿ ನಡುವಿನ ಅಂತರದ ಅರ್ಧ) 8.25 ÷ (1:20 ಇಳಿಜಾರಿನ 0.05 × ಗಾಲಿ ಅಡ್ಡಕ್ಕೆ ಸರಿಯೋದು 0.5) = 1732 ಮಿಮೀ. ಅದಕ್ಕಿಂತ ಬಿಗಿಯಾದ ತಿರುವಿನಾಗ ಕೋನಿಂಗ್ ಒಂದೇ ಸಾಲೂದಿಲ್ಲ, ಫ್ಲ್ಯಾಂಜೇ (ಗಾಲಿಯ ಒಳ ಅಂಚಿನ ಏಣು) ದೂಡಬೇಕು. ನಿಮ್ಮ ಆಕ್ಸಲ್ ಎರಡೂ ಬಿಗಿ. 58 ÷ (2 × 250) = 0.116 ರೇಡಿಯನ್, ಅಂದ್ರ ಮುಂದಿನದು ಹಳಿಗೆ 6.6 ಡಿಗ್ರಿ ಓರೆಯಾಗಿ ಗುದ್ದತೈತಿ. ಹತ್ತದೆ ಏನ್ಮಾಡೀತು?

ಎರಡೂ ಆಕ್ಸಲ್‌ಗೆ ಬೇರೆ ಬೇರೆ ಸಣ್ಣ ಚೌಕಟ್ಟು ಮಾಡಿ, ಆಕ್ಸಲ್ ನಡುಮಧ್ಯದ ಮೇಲೆ ಪಿನ್ ಕೊಡ್ರಿ. ಮೋಟಾರ್ ಆ ಚೌಕಟ್ಟಿನ ಜೊತೆಗೇ ತಿರುಗಬೇಕು. ಟ್ರ್ಯಾಮಿನ ನಟ್ಟನಡುವೆ ಮೂರನೇ ಆಕ್ಸಲ್, ಅಡ್ಡಕ್ಕೆ ಮಾತ್ರ ಜಾರುವಂಗ, ಆಕಡೆ ಈಕಡೆ 1.7 ಮಿಮೀ. ತುದಿಯ ಪಿನ್ನಿಂದ ಒಳಕ್ಕೆ 14.5 ಮಿಮೀ ತೋಳು ಬಿಟ್ಟು, ನಡುವಿನ ಚೌಕಟ್ಟಿಗೆ ಉದ್ದುದ್ದ ಸೀಳಿನಾಗ ಸಿಗಿಸ್ರಿ. ನಡುವಿನ ಗಾಲಿ ಹೊರಕ್ಕೆ ಸರಿದಾಗ ತೋಳು ಎಳೆದು ತುದಿ ಆಕ್ಸಲ್ ಎರಡನ್ನೂ ತಿರುವಿನ ಕೇಂದ್ರಕ್ಕೆ ತಿರುಗಸ್ತೈತಿ. ಸೀಳು ಸಡಿಲಾದ್ರ ನೇರ ಹಳಿ ಮೇಲೆ ಬಾಲ ಅಲ್ಲಾಡಿಸ್ತೈತಿ. ಪಿನ್‌ಗಿಂತ 0.1 ಅಗಲ ಇದ್ರ ಸಾಕು.

ಹಂಪಿ_ನ್ಯಾರೋಗೇಜ್:
ತಿರುವಲ್ಲಿ ಹಳಿ ಜೋಡಣೆ ಹತ್ರ ಮೂಲೆ ಎದ್ದಿದೆಯಾ ಅಂತಾನೂ ನೋಡ್ರಿ. ಬಗ್ಗಿಸೋ ಮುಂಚೆ ಬೆಸುಗೆ ಹಾಕಿದ್ರೆ ಆ ಮೂಲೆ ಬರಲ್ಲ.

ರಾಯಚೂರು_ಗೇಜ್:
ನಮ್ಮ ಬಿಸಿಲಿಗೆ ಎಲ್ಲಾ ಬೆಸೆದ್ರ ಹಳಿ ಸೊಟ್ಟ ಆಗ್ತದ! ನಿಕ್ಕಲ್ ಸಿಲ್ವರ್ ಹಳಿ 1 ಮೀಟರ್, 20 ಡಿಗ್ರಿ ಏರಿದ್ರ 0.3 ಮಿಮೀ ಹಿಗ್ತದ.

ಹಂಪಿ_ನ್ಯಾರೋಗೇಜ್:
ತಿರುವು ಬೆಸೆದು, ನೇರದಲ್ಲಿ ಸಂದಿ ಬಿಡೋದು. ಅಷ್ಟೂ ಬಿಡಿಸಿ ಹೇಳಬೇಕಾ?

ತೋರಣಗಲ್ಲು_ಅದಿರು:
ನಮ್ಮ ಮಾದರಿ ಹಳಿ ಲೇಔಟ್‌ನಾಗ ತಿರುವು 900 ಮಿಮೀ. 22 ಬಾಕ್ಸ್‌ಎನ್ (ತೆರೆದ ಅದಿರು) ವ್ಯಾಗನ್, ಒಂದೂ ಬಿದ್ದಿಲ್ಲ.

ಕೊಪ್ಪಳ_87:
900ರಾಗ ಎಮ್ಮೆನೂ ಹೋಗ್ತೈತಿ.

ಬಳ್ಳಾರಿ_ಎಚ್ಒ:
ಮೂರನೇ ಆಕ್ಸಲ್ ಹಾಕ್ದೆ. ತಿರುವಲ್ಲಿ ಈಗ ಬೀಳಲ್ಲ. ಆದ್ರೆ ಪಾಯಿಂಟ್ (ಹಳಿ ಕವಲು) ದಾಟೋವಾಗ ನಡುವಿನ ಗಾಲಿ ಎಗರ್ತೈತೆ.

ಕೊಪ್ಪಳ_87:
ಅದರ ಮೇಲೆ ಭಾರ ಇಲ್ಲ. 0.3 ಮಿಮೀ ಫಾಸ್ಫರ್ ಬ್ರಾಂಜ್ ತಂತಿಯಿಂದ ಮೆತ್ತಗೆ ಒತ್ತಸ್ರಿ. ಹೆಚ್ಚು ಒತ್ತಿದ್ರ ತುದಿ ಗಾಲಿ ಹಗುರಾಗಿ ಮತ್ತೆ ಹತ್ತತಾವು.

ರಾಯಚೂರು_ಗೇಜ್:
ನಡು ಆಕ್ಸಲ್‌ದು ಅಂತರ ಅಳದ್ರೇನ್ರಿ?

ಬಳ್ಳಾರಿ_ಎಚ್ಒ:
…13.9 ಐತೆ.